ಪೂರ್ವದ ಗೋಲಿನ ನಾಲ್ಕು ಚೀಲಗಳು

ಫೆಲಿಕ್ಸ್‌ನ ಕಾಲು ಮುರಿದದ್ದು ನನ್ನಿಂದ. ಮೊರಿತಾ ಅವರಿಂದಲ್ಲ.

೧೯೯೬ರ ಮಾರ್ಚ್ ತಿಂಗಳು, ಒಂದು ಶುಕ್ರವಾರ, ಮಧ್ಯಾಹ್ನ ಮೂರೂವರೆ ಗಂಟೆ. ಸ್ಥಳ, ಕುವೈತಿನ ಅಹ್ಮದಿಯ ಹೊರಗಿದ್ದ ನಮ್ಮ ಗುತ್ತಿಗೆ ಕಂಪನಿಯ ಕ್ಯಾಂಪಿನ ಫುಟ್‌ಬಾಲ್ ಮೈದಾನ. ಹಾಜರಿದ್ದವರು: ಎರಡು ತಂಡದ ಆಟಗಾರರು, ನಮ್ಮ ತಂಡದ ಕೋಚ್ ಮೊರಿತಾ, ಗೋಲ್‌ಕೀಪರ್ ಆಗಿದ್ದ ಆಸ್ಪತ್ರೆಯ ನರ್ಸ್ ಫೆಲಿಕ್ಸ್, ಶಾಮಿಯಾನದ ಕೆಳಗೆ ನಮ್ಮ ಕನ್ನಡದ ಕುಟುಂಬಗಳು, ಅವರ ನಡುವೆ ನನ್ನ ಹೆಂಡತಿ ಗಿರಿಜಾ. ಮತ್ತು ತಂಡದ ಮ್ಯಾನೇಜರ್ ಆದ ನಾನು, ಗುರುಪಾದಪ್ಪ ಹೂಗಾರ.

ಆ ದಿನ ಅಲ್ಲಿದ್ದವರಲ್ಲಿ ಕೆಲವರು ಇದನ್ನು ಓದಬಹುದು. ಅವರಿಗೆ ಒಂದು ಕಥೆ ಗೊತ್ತಿದೆ — ಜಪಾನಿನ ಕೋಚ್ ಒಬ್ಬ ಗೋಲ್ ಕಂಬವನ್ನು ಸರಿಸಿದ, ಅದರ ಭಾರದ ಚೀಲ ನೋಡಲಿಲ್ಲ, ಕಂಬ ಫೆಲಿಕ್ಸ್‌ನ ಮೇಲೆ ಬಿತ್ತು ಎಂದು. ಆ ಕಥೆ ಹುಟ್ಟಿದ್ದು ನನ್ನ ಬಾಯಿಂದ. ಹದಿನೇಳು ವರ್ಷ ಅದನ್ನು ನಾನು ತಿದ್ದಲಿಲ್ಲ.

ನಾನು ಕ್ರಮದ ಮನುಷ್ಯ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಅಪ್ರೆಂಟಿಸ್ ಆಗಿ ಬೆಳೆದವನು. ಸೈರನ್ ಆದಾಗ ಎದ್ದು, ಸೈರನ್ ಆದಾಗ ಉಂಡು, ಪಾನಾ, ಸ್ಕ್ರೂಡ್ರೈವರ್ ಎಲ್ಲಿಂದ ತೆಗೆದೆನೋ ಅಲ್ಲೇ ಇಟ್ಟು ಕಲಿತವನು. ಕುವೈತಿಗೆ ಬಂದದ್ದು ಯುದ್ಧ ಮುಗಿದ ಮೇಲೆ, ಮೀನಾ ಅಲ್ ಅಹ್ಮದಿಯ ರಿಫೈನರಿ ದುರಸ್ತಿಗೆ, ಸೇಫ್ಟಿ ಸೂಪರ್‌ವೈಸರ್ ಆಗಿ. ನಾನು ಸಹಿ ಹಾಕದೆ ಒಂದು ವೆಲ್ಡಿಂಗ್ ಕಿಡಿ ಹಾರುತ್ತಿರಲಿಲ್ಲ. ಜನ ನನ್ನನ್ನು ಕಂಡರೆ ಹೆಲ್ಮೆಟ್ ಪಟ್ಟಿ ಬಿಗಿದುಕೊಳ್ಳುತ್ತಿದ್ದರು. ಅದು ನನಗೆ ಇಷ್ಟವಾಗುತ್ತಿತ್ತು. ಅದನ್ನೂ ಹೇಳಿಬಿಡಬೇಕು.

ಮೊರಿತಾ ಅಲ್ಲಿ ವೆಲ್ಡಿಂಗ್ ಇನ್‌ಸ್ಪೆಕ್ಟರ್. ಕುಳ್ಳನೆಯ ಮೈ, ಎದೆ ಮುಂದೆ ಮಾಡಿ ನಡೆಯುವ ರೀತಿ, ಕುತ್ತಿಗೆಗೆ ಸದಾ ಒಂದು ಬಿಳಿ ಟವೆಲ್. ಇಂಗ್ಲಿಷ್ ಸ್ವಲ್ಪ, ಸೈಟಿನಲ್ಲಿ ಕಲಿತ ಹಿಂದಿ ಅದಕ್ಕಿಂತ ಸ್ವಲ್ಪ ಹೆಚ್ಚು. ಜಪಾನಿನ ಒಳಗಡಲಿನ ದಡದಲ್ಲಿ ಹಡಗು ಕಟ್ಟುವ ಒಂದು ಸಣ್ಣ ಊರು ಅವರದು. ಆ ಊರಿಗೆ ಒಂದು ಫುಟ್‌ಬಾಲ್ ಕ್ಲಬ್ ಇತ್ತು. ಟಿವಿಯಲ್ಲಿ ಬರುವ ದೊಡ್ಡ ಕ್ಲಬ್ಬಲ್ಲ. ಅಕ್ಕಪಕ್ಕದ ಜಿಲ್ಲೆಗಳ ತಂಡಗಳಷ್ಟೇ ಆಡುವ ಪ್ರಾದೇಶಿಕ ಲೀಗಿನದು. ಆದರೆ ಅವರು ಅದರ ಬಗ್ಗೆ ಮಾತಾಡಿದಾಗ, ನಾವು ನಮ್ಮ ಮನೆದೇವರ ಬಗ್ಗೆ ಹೇಳುವ ಹಾಗೆ ಧ್ವನಿ ತಗ್ಗಿಸಿ ಮಾತಾಡುತ್ತಿದ್ದರು.

ಅವರು ಹೇಳಿದ್ದು ಹೀಗೆ. ಹಡಗಿನ ಕಾರ್ಖಾನೆಯ ವೆಲ್ಡರುಗಳು ಊಟದ ಬಿಡುವಿನಲ್ಲಿ ಆಡುತ್ತಿದ್ದ ಆಟದಿಂದ ಕ್ಲಬ್ ಹುಟ್ಟಿತು. ಬಾಯ್ಲರ್ ಪೈಪು ಕೂಡಿಸಿ ಅವರೇ ಗೋಲ್ ಮಾಡಿಕೊಂಡರು. ಬಿಡುವು ಮುಗಿದ ಕೂಡಲೇ ಎತ್ತಿ ಬದಿಗಿಡಬೇಕು, ಏಕೆಂದರೆ ಆ ಜಾಗದಲ್ಲಿ ಉಕ್ಕಿನ ಹಾಳೆ ಬಂದು ಬೀಳುತ್ತಿತ್ತು. ಹಾಗಾಗಿ ಅವರ ಗೋಲ್ ನೆಲಕ್ಕೆ ಹೂತದ್ದಲ್ಲ. ಹಿಂದಿನ ಅಡ್ಡ ಪೈಪಿನ ಮೇಲೆ ಹಡಗಿನ ಸರಪಳಿಯ ತುಂಡು ಹೇರಿ ನಿಲ್ಲಿಸುತ್ತಿದ್ದರು. ಮೊದಲ ಜೆರ್ಸಿಯ ಬಣ್ಣ ಹಡಗಿನ ತಳಕ್ಕೆ ಬಳಿಯುವ ತುಕ್ಕುಗೆಂಪು — ನಮ್ಮ ಊರಿನ ರೆಡ್ ಆಕ್ಸೈಡ್ ನೆಲ ನೆನಪಿಸುವ ಕೆಂಪು. ಒಮ್ಮೆ ಮಾತ್ರ ಆ ಲೀಗಿನ ತುದಿ ತಲುಪಿ, ಮೇಲಿನ ಹಂತಕ್ಕೆ ಹೋಗುವ ಪಂದ್ಯದಲ್ಲಿ ಸೋತರು. ಆಮೇಲೆ ಎಪ್ಪತ್ತರ ದಶಕದಲ್ಲಿ ಎಣ್ಣೆ ಬೆಲೆ ಏರಿತು, ಟ್ಯಾಂಕರ್ ಹಡಗು ಕಟ್ಟಿಸುವವರು ಇಲ್ಲವಾದರು, ಕಾರ್ಖಾನೆ ಅರ್ಧ ಬಾಗಿಲು ಹಾಕಿತು, ಕ್ಲಬ್ಬಿನ ಕೈಬಿಟ್ಟಿತು.

"ಅರಬರು ಎಣ್ಣೆ ಬೆಲೆ ಏರಿಸಿದರು, ನಮ್ಮ ಕ್ಲಬ್ ಖಲಾಸ್. ಈಗ ನಾನೇ ಎಣ್ಣೆ ಹತ್ತಿರ ಬಂದು ಕೇಳುತ್ತಿದ್ದೇನೆ — ಎಲ್ಲಿ ನಮ್ಮ ಕ್ಲಬ್?" ಎಂದು ಮೊರಿತಾ ನಮ್ಮ ಕಡೆ ಕೈ ತೋರಿಸಿ ನಗಿಸುತ್ತಿದ್ದರು.

"ನಮ್ಮನ್ನು ಎಂತಕ್ಕೆ ಕೇಳುದು ಸಾರ್? ಎಣ್ಣೆ ಕಫೀಲಂದು, ನಮ್ಮ ಅರಬ್ ಧಣಿದು. ನಮ್ದು ಬರೇ ಬೆವರು!" ಎಂದು ಫೆಲಿಕ್ಸ್ ತಿರುಗಿ ಹೇಳುತ್ತಿದ್ದ. ಅದನ್ನು ಯಾರೋ ಹಿಂದಿಯಲ್ಲಿ ಹೇಳಿದರೆ ಮೊರಿತಾ ಟವೆಲಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದರು.

ಕ್ಲಬ್ ಸಾಯಲಿಲ್ಲ. ಊರಿನ ಕ್ಷೌರಿಕ, ದೋಣಿ ನಡೆಸುವವನು, ಅಂಗಡಿಯವರು, ಕೆಲಸ ಕಳೆದುಕೊಂಡ ವೆಲ್ಡರುಗಳು ಸೇರಿ ಅದನ್ನು ತಾವೇ ನಡೆಸಿದರು. ಆ ಕೆಟ್ಟ ವರ್ಷಗಳಲ್ಲಿ ತಂಡದ ನಾಯಕ ಮೊರಿತಾ. ೧೯೯೬ರ ಬೇಸಿಗೆಗೆ ಅವರ ಗುತ್ತಿಗೆ ಮುಗಿಯುವುದಿತ್ತು, ಕ್ಲಬ್ಬಿನವರು ಅವರನ್ನು ಕೋಚ್ ಆಗಿ ಬಾ ಎಂದು ಕರೆದಿದ್ದರು. ಆ ಸುದ್ದಿ ಹೇಳಿದ ದಿನ ಅವರು ಇಡೀ ತಂಡಕ್ಕೆ ಕಿತ್ತಳೆ ಹಂಚಿದರು. ನನ್ನ ಕೈಯಲ್ಲಿ ಮಾತ್ರ ಎರಡು ಇಟ್ಟರು.

ಏಕೆ ಎರಡು — ಅದಕ್ಕೆ ಆ ಕೂಗಿನ ವಿಷಯ ಹೇಳಬೇಕು.

ಜಪಾನಿನ ಕಾರ್ಖಾನೆಗಳಲ್ಲಿ ಒಂದು ಪದ್ಧತಿ ಇದೆ. ಕೆಲಸಕ್ಕೆ ಮುಂಚೆ ಪ್ರತಿಯೊಂದು ವಸ್ತುವಿನತ್ತ ಬೆರಳು ಚಾಚಿ, ಅದರ ಹೆಸರು ಹೇಳಿ, ಗಟ್ಟಿಯಾಗಿ "ಯೊಶಿ!" ಎಂದು ಕೂಗುವುದು. ಸರಿ ಇದೆ ಎಂದು ಅರ್ಥ. ಹಡಗಿನ ಕೆಲಸಗಾರರು ಅದನ್ನು ತಮ್ಮ ಕ್ಲಬ್ಬಿನ ಮೈದಾನಕ್ಕೂ ತಂದಿದ್ದರು, ಮೊರಿತಾ ಅದನ್ನು ನಮ್ಮ ಕ್ಯಾಂಪಿಗೆ ತಂದರು. ಗೆರೆ, ನೀರು, ಬಲೆ, ಕೊನೆಗೆ ಗೋಲ್. ನಮ್ಮ ಗೋಲ್‌ಗಳೂ ಪೈಪಿನವು, ಎತ್ತಿಡುವಂಥವು. ಸರಪಳಿಯ ಬದಲು ಒಂದೊಂದಕ್ಕೂ ನಾಲ್ಕು ಮರಳಿನ ಚೀಲ. ನಿಯಮ ಇಷ್ಟೇ: ಮೊದಲು ಹೋಗಿ ಕೈಯಿಂದ ಮುಟ್ಟಬೇಕು, ಆಮೇಲೆ ಮಧ್ಯದ ಗೆರೆಗೆ ಬಂದು ಬೆರಳು ಚಾಚಿ ಕೂಗಬೇಕು. ನಮ್ಮ ಹುಡುಗರಿಗೆ ಇದು ತಮಾಷೆಯಾಗಿತ್ತು. ಬಿರಿಯಾನಿ ತಿಂದ ಮೇಲೆ ಫೆಲಿಕ್ಸ್ ತನ್ನ ಹೊಟ್ಟೆಗೆ ಬೆರಳು ತೋರಿಸಿ "ಹೂಗಾರ್ ಸಾರ್, ಗೋಡಾನ್ ಯೊಶಿ!" ಎಂದು ಕೂಗುತ್ತಿದ್ದ. ನನಗೆ ತಮಾಷೆಯಾಗಿರಲಿಲ್ಲ. ನನ್ನ ಜೀವನ ನಡೆದದ್ದೇ ಹಾಗೆ. ಗೋಲ್ ಕೂಗುವ ಕೆಲಸವನ್ನು ಮೊರಿತಾ ನನಗೊಬ್ಬನಿಗೇ ಕೊಟ್ಟಿದ್ದರು. "ಹೂಗಾರ್-ಸಾನ್ ಕೂಗಿದರೆ ನಾನು ತಿರುಗಿ ನೋಡುವುದಿಲ್ಲ" ಎಂದು ಎಲ್ಲರೆದುರು ಹೇಳಿದ್ದರು. ಎರಡನೆಯ ಕಿತ್ತಳೆ ಅದಕ್ಕಾಗಿ.

ಆ ಶುಕ್ರವಾರ ಕ್ಯಾಂಪ್‌ಗಳ ನಡುವಿನ ಪಂದ್ಯ. ಕುಟುಂಬಗಳನ್ನೂ ಕರೆಯಬೇಕು ಎಂದು ನಾನೇ ಹಟ ಹಿಡಿದು, ಪೂರ್ವದ ಗೋಲಿನ ಹಿಂದೆ, ಸ್ಟೋರಿನ ಗೋಡೆಯ ಪಕ್ಕ, ಶಾಮಿಯಾನ ಹಾಕಿಸಿದ್ದೆ. ಊಟದ ಹೊತ್ತಿಗೆ ಗಾಳಿ ಎದ್ದಿತು. ಸಡಿಲ ಮರಳಿನಲ್ಲಿ ಗೂಟ ನಿಲ್ಲಲಿಲ್ಲ, ಬಟ್ಟೆ ಹಾಯಿಯಂತೆ ಉಬ್ಬಿತು. ಕೆಲಸದವರೆಲ್ಲ ಜುಮ್ಮಾ ನಮಾಜಿಗೆ ಹೋಗಿದ್ದರು. ಹತ್ತಿರದಲ್ಲಿ ಭಾರ ಎಂಬುದು ಇದ್ದದ್ದು ಪೂರ್ವದ ಗೋಲಿನ ಹಿಂದೆ. ನಾನೇ ಒಂದೊಂದಾಗಿ ನಾಲ್ಕೂ ಚೀಲ ಎಳೆದು ತಂದು ಶಾಮಿಯಾನದ ಹಗ್ಗಗಳ ಮೇಲೆ ಇಟ್ಟೆ.

ಗಿರಿಜಾ ಆಗ ತಾನೇ ಭಜಿಯ ಡಬ್ಬಿ ಹಿಡಿದು ಬಂದಿದ್ದಳು. "ಉಸುಕಿನ ಚೀಲ ಎಲ್ಲಿಂದ ತಂದ್ರಿ?" ಎಂದು ಕೇಳಿದಳು.

"ಸ್ಟೋರಿನ್ಯಾಗ ಇದ್ದೂ" ಎಂದೆ.

ಏಕೆ ಸುಳ್ಳು ಹೇಳಿದೆ? ಆಟಕ್ಕೆ ಮುಂಚೆ ತಿರುಗಿ ಇಡುವವನೇ ಆಗಿದ್ದೆನಲ್ಲ — ಹೇಳಿದ್ದರೆ ಏನಾಗುತ್ತಿತ್ತು? ಎಲ್ಲಿಂದ ತೆಗೆದೆನೋ ಅಲ್ಲೇ ಇಡಬೇಕೆಂದು ಮನೆಯಲ್ಲಿ ಚಮಚಕ್ಕೂ ಪಾಠ ಹೇಳುವ ನಾನು, ಅವಳೆದುರು ಸಣ್ಣವನಾಗಬಾರದು ಎಂದು. ಅಷ್ಟಕ್ಕೆ.

ಆಮೇಲೆ ಕಾರುಗಳು ಬಂದವು, ನೀರಿನ ಡ್ರಮ್ ಬಂತು, ಎದುರು ತಂಡ ಬಂತು, ಅವರ ಮ್ಯಾನೇಜರನಿಗೆ ಕುರ್ಚಿ ಹಾಕಿಸಬೇಕಾಯಿತು. ಮೊರಿತಾ ಮಧ್ಯದ ಗೆರೆಯಲ್ಲಿ ನಿಂತು ಕೈ ಎತ್ತಿದರು. ಕೂಗುವ ಹೊತ್ತು. ನಾನು ಪಶ್ಚಿಮದ ಗೋಲಿಗೆ ಹೋಗಿ ಮುಟ್ಟಿ ಬಂದೆ, ಕೂಗಿದೆ. ಪೂರ್ವದ ಕಡೆ ತಿರುಗಿದೆ. ಹೋಗಲಿಲ್ಲ. ಬೆರಳು ಚಾಚಿತು, ಬಾಯಿ ಕೂಗಿತು — "ಗೋಲ್, ಯೊಶಿ!"

ಆಗ ನನ್ನ ಕಣ್ಣು ಏನು ಮಾಡುತ್ತಿತ್ತು ಎಂಬುದನ್ನು ಆಮೇಲೆ ಹೇಳುತ್ತೇನೆ. ಇಲ್ಲೇ ಹೇಳಬೇಕಿತ್ತು. ಆಗುತ್ತಿಲ್ಲ.

ಕೂಗು ಮುಗಿದ ಮೇಲೆ, ಪೂರ್ವದ ಗೋಲ್ ಗೆರೆಯಿಂದ ಗೇಣಿನಷ್ಟು ಒಳಗಿದೆ ಎಂದು ಮೊರಿತಾಗೆ ಕಂಡಿತು. ಓಡಿ ಹೋಗಿ ಕಂಬಕ್ಕೆ ಭುಜ ಕೊಟ್ಟು ನೇರ ಮಾಡಿದರು. ಒಂದು ಕ್ಷಣ ಕಂಬ ಹಿಡಿದು ನಿಂತರು, ನನ್ನತ್ತ ನೋಡಿದರು. ನಾನು ತಲೆಯಾಡಿಸಿದೆ. ಅವರು ಬಂದುಬಿಟ್ಟರು. ರೆಫರಿ ಸೀಟಿ ಊದಿದ.

ಎತ್ತರದ ಚೆಂಡೊಂದು ಪೂರ್ವದ ಗೋಲಿಗೆ ಬಂತು. ಫೆಲಿಕ್ಸ್ ಹಾರಿದ, ಚೆಂಡನ್ನು ಬೆರಳ ತುದಿಯಿಂದ ಮೇಲೆ ಕಳಿಸಿದ, ಇಳಿಯುವಾಗ ಕೀಪರುಗಳು ಮಾಡುವಂತೆ ಮೇಲಿನ ಪೈಪು ಹಿಡಿದು ತೂಗಿದ. ಗಾಳಿ ಹಿಂದಿನಿಂದ ಬಲೆಯನ್ನು ತಳ್ಳುತ್ತಿತ್ತು. ಇಡೀ ಗೋಲ್ ಮುಂದಕ್ಕೆ ಬಾಗಿತು — ಬೇಗ ಅಲ್ಲ, ನಿಧಾನವಾಗಿ, ಬಾಗಿಲು ಹಾಕಿಕೊಳ್ಳುವ ಹಾಗೆ. ಶಾಮಿಯಾನದಿಂದ ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದರು. ಚೆಂಡು ಚೆನ್ನಾಗಿ ತಡೆದ ಎಂದುಕೊಂಡಿದ್ದರು. ಪೈಪು ಅವನ ಎಡಗಾಲಿನ ಮೇಲೆ ಬಿದ್ದಿತು.

ಆಂಬುಲೆನ್ಸ್ ಹೋಯಿತು. ಮೊರಿತಾ ಅದರ ಜತೆ ಹೋದರು. ಗಲಾಟೆಯಲ್ಲಿ ಎಲ್ಲರೂ ಗೇಟಿನ ಕಡೆ ಓಡಿದ್ದರು. ನಾನು ಶಾಮಿಯಾನ ಬಿಚ್ಚಿದೆ. ನಾಲ್ಕು ಚೀಲಗಳನ್ನು ಸ್ಟೋರಿನ ಗೋಡೆಯ ಹಿಂದೆ ಎಳೆದುಕೊಂಡು ಹೋಗಿ, ಬಾಯಿ ಬಿಚ್ಚಿ, ಸುರಿದುಬಿಟ್ಟೆ. ಖಾಲಿ ಚೀಲಗಳನ್ನು ಮಡಿಸಿ ಕಸದ ಡ್ರಮ್ಮಿಗೆ ಹಾಕಿದೆ. ಆ ದೇಶದಲ್ಲಿ ಮರಳನ್ನು ಬಚ್ಚಿಡುವುದು ಎಷ್ಟು ಸುಲಭ! ಸುರಿದದ್ದು ಸುರಿದ ಹಾಗೆಯೇ ನೆಲವಾಗಿಬಿಟ್ಟಿತು. ತಿರುಗಿದರೆ ಗೋಡೆಯ ಮೂಲೆಯಲ್ಲಿ ಗಿರಿಜಾ ಖಾಲಿ ಡಬ್ಬಿ ಹಿಡಿದು ನಿಂತಿದ್ದಳು. "ಹೋಗೂಣೇನು?" ಎಂದಳು. ಅಷ್ಟೇ ಎಂದಳು.

ವಿಚಾರಣೆ ಕ್ಯಾಂಪ್ ಆಫೀಸಿನಲ್ಲಿ ನಡೆಯಿತು. ಕಂಪನಿಯ ಅಧಿಕಾರಿ ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ: "ನೀವು ಕೂಗಿದಾಗ ಚೀಲಗಳು ಇದ್ದವೇ?"

"ಇದ್ದವು" ಎಂದೆ.

"ಆಮೇಲೆ?"

"ಮೊರಿತಾ ಅವರು ಗೋಲ್ ಸರಿಸಿದರು."

ಎರಡನೆಯ ಮಾತು ನಿಜ. ಅದನ್ನು ಮೊದಲಿನ ಮಾತಿನ ಮೇಲೆ ಭಾರವಾಗಿ ಇಟ್ಟೆ.

ಮೊರಿತಾ ನನ್ನ ಪಕ್ಕದ ಕುರ್ಚಿಯಲ್ಲಿದ್ದರು. ನನ್ನತ್ತ ನೋಡಲಿಲ್ಲ. ಎದ್ದು ನಿಂತು, ಸರಿಸಿದಾಗ ಗೋಲ್ ಹಗುರವಾಗಿತ್ತು, ನಿಂತು ನೋಡಬೇಕಿತ್ತು, ನೋಡಲಿಲ್ಲ, ತಪ್ಪು ತನ್ನದು ಎಂದು ತಮ್ಮ ಮುರುಕು ಇಂಗ್ಲಿಷಿನಲ್ಲಿ ಹೇಳಿ ಸೊಂಟದವರೆಗೆ ಬಾಗಿದರು. ಚೀಲ ಎಲ್ಲಿ ಹೋದವು ಎಂದು ಯಾರೂ ಹೆಚ್ಚು ಕೇಳಲಿಲ್ಲ. ತಪ್ಪು ಒಪ್ಪಿದವನು ಎದುರಿಗೆ ಇದ್ದನಲ್ಲ.

ಇಲ್ಲಿಗೆ ನಿಂತಿದ್ದರೂ ಸಾಕಿತ್ತು. ನಿಲ್ಲಲಿಲ್ಲ. ಮೊರಿತಾ ದಿನಾ ಡ್ಯೂಟಿ ಮುಗಿಸಿ, ಅದೇ ಮಸಿ ಹಿಡಿದ ಬಟ್ಟೆಯಲ್ಲಿ, ಆಸ್ಪತ್ರೆಗೆ ಬರುತ್ತಿದ್ದರು. ನಮ್ಮ ಜನರ ಪರವಾಗಿ ಫೆಲಿಕ್ಸ್‌ನನ್ನು ನೋಡಿಕೊಳ್ಳುತ್ತಿದ್ದವನು ನಾನು. ವಾರ್ಡಿನ ಬಾಗಿಲಲ್ಲಿ ನಾನಿರುತ್ತಿದ್ದೆ. ಅವರಿಬ್ಬರೂ ಮಾತಾಡಿದರೆ ಗೋಲ್ ಹಗುರ ಇದ್ದದ್ದು ಬರುತ್ತದೆ, ಅದರಿಂದ ಚೀಲಕ್ಕೆ, ಚೀಲದಿಂದ ಶಾಮಿಯಾನಕ್ಕೆ — ಎಷ್ಟು ದೂರ? "ಅವನು ನಿಮ್ಮ ಮುಖ ನೋಡುವುದಿಲ್ಲ ಅನ್ನುತ್ತಾನೆ" ಎಂದು ಮೊರಿತಾಗೆ ಹೇಳಿದೆ. ಅವರು ಮುಚ್ಚಿದ ಬಾಗಿಲಿಗೆ ಬಾಗಿ ನಮಸ್ಕರಿಸಿ ಹೋಗುತ್ತಿದ್ದರು. ಮರುದಿನ ಮತ್ತೆ ಬರುತ್ತಿದ್ದರು.

ಒಳಗೆ ಫೆಲಿಕ್ಸ್ ಕೇಳುತ್ತಿದ್ದ. "ಜಪಾನಿ ಬರ್ಲೇ ಇಲ್ವಾ ಸಾರ್?"

"ಇಲ್ಲ."

ಕೊನೆಯ ದಿನ ಅವರು ಒಂದು ಪೊಟ್ಟಣ ಕೊಟ್ಟರು. ಅವರ ಕ್ಲಬ್ಬಿನ ಜೆರ್ಸಿ, ತುಕ್ಕುಗೆಂಪಿನದು, ಅವರೇ ನಾಯಕನಾಗಿ ಹಾಕಿದ್ದು. ಫೆಲಿಕ್ಸ್‌ಗೆ ಕೊಡಿ ಎಂದರು. ಅದನ್ನು ಕೊಟ್ಟರೆ ಅವರು ಬಂದಿದ್ದರು ಎಂದು ಹೇಳಬೇಕಾಗುತ್ತದೆ. ಅದು ನನ್ನ ಟ್ರಂಕಿನ ತಳಕ್ಕೆ ಹೋಯಿತು.

ಅವರು ಕ್ಲಬ್ಬಿಗೆ ಫೋನ್ ಮಾಡಿದಾಗಲೂ ನಾನು ಪಕ್ಕದಲ್ಲಿದ್ದೆ, ಕಾರ್ಡಿನ ನಂಬರು ಒತ್ತಿಕೊಡುತ್ತಿದ್ದೆ. ಭಾಷೆ ತಿಳಿಯಲಿಲ್ಲ. ಫೋನಿಗೆ ಬಾಗಿ ಬಾಗಿ ಅವರು ಕ್ಷಮೆ ಕೇಳುತ್ತಿದ್ದುದು ಮಾತ್ರ ತಿಳಿಯಿತು. ಇಟ್ಟ ಮೇಲೆ ಹೇಳಿದರು, ಕೋಚ್ ಕೆಲಸ ಬೇಡವೆಂದೆ, ಮೈದಾನದಲ್ಲಿ ಮನುಷ್ಯನನ್ನು ಕಾಯಲಾರದವನು ತಂಡ ಕಾಯಬಾರದು. ಏರ್‌ಪೋರ್ಟಿಗೆ ಅವರನ್ನು ಬಿಟ್ಟದ್ದೂ ನಾನೇ. ಇಂಥ ವ್ಯವಸ್ಥೆಗಳನ್ನೆಲ್ಲ ನಾನು ಚೆನ್ನಾಗಿ ಮಾಡುತ್ತೇನೆ. ಒಳಗೆ ಹೋಗುವ ಮುಂಚೆ ಅವರು ತಮ್ಮ ಎರಡೂ ಅಂಗೈ ತೋರಿಸಿ ಹೇಳಿದರು:

"ಹೂಗಾರ್-ಸಾನ್, ಗೋಲ್ ಹಗುರ ಇತ್ತು. ನನ್ನ ಕೈಗೆ ಗೊತ್ತಾಯಿತು. ಆದರೆ ನೀವು ಕೂಗಿದ್ದಿರಿ. ನಾನು ಕೈಯನ್ನು ನಂಬಲಿಲ್ಲ, ನಿಮ್ಮ ಕೂಗನ್ನು ನಂಬಿದೆ."

ಆರೋಪವಲ್ಲ. ಕ್ಷಮೆ ಕೇಳುವವನ ಧ್ವನಿಯಲ್ಲೇ ಹೇಳಿದರು. ಆ ಧ್ವನಿ — ಇಂದಿಗೂ —

ಆಮೇಲಿನ ವರ್ಷಗಳನ್ನು ಹೇಗೆ ಹೇಳಲಿ? ಹೊರಗಿನಿಂದ ಎಲ್ಲ ಕ್ರಮವಾಗಿತ್ತು. ಐದಕ್ಕೆ ಏಳುವುದು, ಆರಕ್ಕೆ ಬಸ್ಸು. ಕಂಪನಿ ನನ್ನನ್ನು ಸೇಫ್ಟಿ ತರಬೇತಿಗೆ ಹಾಕಿತು. ಹೊಸಬರಿಗೆ ಬೆರಳು ಚಾಚಿ ಕೂಗುವುದನ್ನು ಕಲಿಸಿದೆ, ಪ್ರತಿ ಬಾರಿಯೂ ನನ್ನ ಬಾಯಿಂದ ಅದೇ ಕೂಗು ಹೊರಟು ಹಿಂದಿನಿಂದ ನನ್ನ ಕಿವಿಗೆ ಬೀಳುತ್ತಿತ್ತು, ಮೈದಾನದ ಗಾಳಿ ಸಮೇತ. ಮಕ್ಕಳು ಆಡುವ ಯಾವ ಪಾರ್ಕಿನ ಪಕ್ಕ ಹೋದರೂ ಮೊದಲು ಗೋಲಿನ ಹಿಂದೆ ನೋಡುತ್ತಿದ್ದೆ. ಹೂತ ಕಂಬವಾದರೂ ನೋಡುತ್ತಿದ್ದೆ. ಟಿವಿಯಲ್ಲಿ ಫುಟ್‌ಬಾಲ್ ಬಂದರೆ ಗಿರಿಜಾ ಚಾನೆಲ್ ಬದಲಿಸುತ್ತಿದ್ದಳು. ಯಾರದೋ ಮದುವೆಯ ಶಾಮಿಯಾನ ಗಾಳಿಗೆ ಪಟಪಟ ಎಂದರೆ ನನ್ನ ಊಟ ಅಲ್ಲಿಗೇ ನಿಲ್ಲುತ್ತಿತ್ತು. ಅವಳು ತನ್ನ ತಟ್ಟೆಯನ್ನೂ ಕೆಳಗಿಡುತ್ತಿದ್ದಳು.

ಫೆಲಿಕ್ಸ್‌ನ ಕಾಲು ಗಿಡ್ಡವಾಗಿ ಕೂಡಿತು. ಅವನು ನರ್ಸ್, ವಾರ್ಡಿನಲ್ಲಿ ನಿಂತು ಮಾಡುವ ಕೆಲಸ ಹೋಯಿತು. ಆಸ್ಪತ್ರೆಯ ಔಷಧ ಉಗ್ರಾಣದಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತು. ಹಬ್ಬಕ್ಕೆ, ಕ್ರಿಸ್‌ಮಸ್‌ಗೆ ನಾವು ಭೇಟಿಯಾಗುತ್ತಿದ್ದೆವು. "ಕಾಲು ಮುರ್ದದ್ದು ಬೇಜಾರಿಲ್ಲ ಮಾರಾಯ್ರೆ, ಆಟ ಅಂದ್ರೆ ಆಗ್ತದೆ. ಆ ಮನುಷ್ಯ ಒಂದ್ಸಲ ಬಂದು ಮುಖ ತೋರಿಸ್ಲಿಲ್ಲ ಅಲ್ವಾ, ಅದು. ಅಷ್ಟು ಯೊಶಿ ಯೊಶಿ ಅಂತ ಕೂಗ್ತಿದ್ದವ!" ಎಂದು ಪ್ರತಿ ವರ್ಷ ಹೇಳುತ್ತಿದ್ದ. ಪ್ರತಿ ವರ್ಷ ನಾನು ಅವನ ಮನೆಯ ಕೇಕ್ ತಿಂದೆ.

ಈ ವರ್ಷ, ೨೦೧೩ರಲ್ಲಿ, ನನ್ನ ಕೆಲಸದ ಅವಧಿ ಮುಗಿಯಿತು. ನನ್ನ ಕೊನೆಯ ತರಬೇತಿ ತರಗತಿಗೆ ಒಬ್ಬ ಹೊಸ ಜಪಾನಿ ಇಂಜಿನಿಯರ್ ಬಂದ. ಹೆಸರು ಓಕಾ. ಕೂರುವ ಮುಂಚೆ ಅವನು ಒಂದು ವಿಚಿತ್ರ ಕೆಲಸ ಮಾಡಿದ — ಬೋರ್ಡ್ ನಿಲ್ಲಿಸಿದ್ದ ಕಬ್ಬಿಣದ ಸ್ಟ್ಯಾಂಡನ್ನು ಎರಡೂ ಅಂಗೈಯಿಂದ ಹಿಡಿದು, ಮೆಲ್ಲಗೆ ಅಲುಗಿಸಿ ನೋಡಿದ. ಏಕೆ ಎಂದು ಕೇಳಿದೆ. ನಾಚಿಕೊಂಡು ನಕ್ಕ.

"ನಮ್ಮ ಊರಿನ ಕ್ಲಬ್ಬಿನ ಅಭ್ಯಾಸ ಸರ್. ಸಣ್ಣ ಕ್ಲಬ್, ಪ್ರಾದೇಶಿಕ ಲೀಗಿನದು. ಬೇರೆಯವರು ಬೆರಳು ತೋರಿಸಿ ಕೂಗುತ್ತಾರೆ. ನಾವು ಕೂಗುವುದಿಲ್ಲ, ಮುಟ್ಟುತ್ತೇವೆ. ಮೊರಿತಾ-ಸಾನ್ ಅಂತ ಒಬ್ಬರು ಮೈದಾನ ನೋಡಿಕೊಳ್ಳುತ್ತಿದ್ದರು, ಅವರು ತಂದ ನಿಯಮ."

ಅವನು ಹೇಳುತ್ತಾ ಹೋದ, ನಾನು ಮೇಜು ಹಿಡಿದು ನಿಂತಿದ್ದೆ. ಮೊರಿತಾ ಊರಿಗೆ ಹೋದ ಮೇಲೆ ಎಷ್ಟು ಕರೆದರೂ ಕೋಚ್ ಆಗಲಿಲ್ಲ. ಹುಲ್ಲು ಕತ್ತರಿಸುವ, ಗೆರೆ ಎಳೆಯುವ ಕೆಲಸ ಕೇಳಿ ಪಡೆದರು. ಪ್ರತಿ ಪಂದ್ಯಕ್ಕೂ ಮುಂಚೆ ಒಬ್ಬರೇ ಹೋಗಿ ಎರಡೂ ಗೋಲನ್ನು ಅಂಗೈಯಿಂದ ಒತ್ತಿ ನೋಡುತ್ತಿದ್ದರು. ಕ್ಲಬ್ಬಿಗೆ ಸೇರುವ ಪ್ರತಿಯೊಬ್ಬನನ್ನೂ ಕೂರಿಸಿಕೊಂಡು ಒಂದು ಕಥೆ ಹೇಳುತ್ತಿದ್ದರು — ಕುವೈತಿನಲ್ಲಿ ನಾನು ಗೋಲ್ ನೋಡಲು ಮರೆತೆ, ಒಬ್ಬನ ಕಾಲು ಹೋಯಿತು, ಅವನು ನನ್ನನ್ನು ಕ್ಷಮಿಸಲಿಲ್ಲ. ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಕಥೆಯನ್ನು ಈಗ ನಾಯಕ ಹೇಳುತ್ತಾನೆ. ಅದು ಕ್ಲಬ್ಬಿನ ಚರಿತ್ರೆಯ ಭಾಗವಾಗಿದೆ.

"ನೀವು ಇಲ್ಲಿ ಬಹಳ ವರ್ಷದಿಂದ ಇದ್ದೀರಿ. ಆ ಅಪಘಾತದ ಬಗ್ಗೆ ಕೇಳಿದ್ದೀರಾ ಸರ್?" ಎಂದ.

ನಾನು ಇಲ್ಲ ಎಂದೆ.

ಹೌದು. ಆಗಲೂ.

ಮನೆಗೆ ಬಂದು ಟ್ರಂಕ್ ತೆರೆದೆ. ಜೆರ್ಸಿ ಹಾಗೇ ಇತ್ತು. ಗಿರಿಜಾ ಬಂದು ಬಾಗಿಲಲ್ಲಿ ನಿಂತಳು. ಮೊರಿತಾ ಹೋದರು ಎಂದು ಹೇಳಿದೆ. ಅವಳು ಒಳಗೆ ಬಂದು ಹೇಳಿದಳು: "ಆ ಉಸುಕು ಸುರುವೂದು ನಾ ನೋಡಿನ್ರಿ. ನೀವಾಗೇ ಹೇಳ್ತೀರಿ ಅಂತ ದಾರಿ ಕಾಯ್ದೆ. ಹೇಳಲೇ ಇಲ್ಲ. ನಾನೂ ಕೇಳಲಿಲ್ಲ. ನಂದೂ ತಪ್ಪೇ ಅದು." ಆಮೇಲೆ ಜೆರ್ಸಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಇಸ್ತ್ರಿ ಮಾಡಿ, ಮಡಿಸಿ ಕೊಟ್ಟಳು.

ನಿನ್ನೆ ಶುಕ್ರವಾರ ಬೆಳಗ್ಗೆ ಫೆಲಿಕ್ಸ್‌ನ ಮನೆಯಿರುವ ಖೈತಾನ್‌ಗೆ ಹೋದೆ. ಫೆಲಿಕ್ಸ್ ಚರ್ಚಿನಿಂದ ಆಗ ತಾನೇ ಬಂದಿದ್ದ. ಬಾಗಿಲು ತೆರೆದು ನಕ್ಕ.

"ಎಂತ ಸಾರ್, ಊರಿಗೆ ಹೋಗ್ಲಿಕ್ಕೆ ಮುಂಚೆ ಸಾಲ ಕೇಳ್ಲಿಕ್ಕೆ ಬಂದದ್ದಾ? ಕೂತ್ಕೊಳ್ಳಿ, ಚಾ ಉಂಟು."

ಕೂರದೆ ಹೇಳಿದೆ. ನಾಲ್ಕು ಚೀಲ, ಶಾಮಿಯಾನ, ಕೂಗು, ಆಫೀಸಿನಲ್ಲಿ ಹೇಳಿದ ಮಾತು, ವಾರ್ಡಿನ ಬಾಗಿಲು, ಮೊರಿತಾ ತೀರಿಕೊಂಡದ್ದು, ಅವರ ಊರಿನ ಕಥೆ ಇಂಜಿನಿಯರ್ ಓಕಾ ಹೇಳಿದ್ದು. ಅವನು ಮೊದಲು ನಗುತ್ತಿದ್ದ. ಆಮೇಲೆ ನಗು ಮುಖದ ಮೇಲೆ ಹಾಗೇ ಉಳಿಯಿತು, ಅದರ ಹಿಂದೆ ಯಾರೂ ಇಲ್ಲದ ಹಾಗೆ. ಕಾಲನ್ನು ಎರಡೂ ಕೈಯಿಂದ ಎತ್ತಿ ಸ್ಟೂಲಿನ ಮೇಲಿಟ್ಟುಕೊಂಡ.

"ಅವ್ರು ಆಸ್ಪತ್ರೆಗೆ ಬಂದಿದ್ರಾ?"

"ದಿನಾ."

"ನಾನು ಒಳಗೆ ಇದ್ದೆ, ಅವ್ರು ಹೊರಗೆ ಇದ್ರು. ಮಧ್ಯದಲ್ಲಿ ನೀವು."

"ಹೌದು."

"ಹಾಗಾದ್ರೆ ಇಷ್ಟು ವರ್ಷ ನಾನು ಬೈದದ್ದು ಯಾರಿಗೆ ಸಾರ್?"

ಜೆರ್ಸಿ ಮುಂದೆ ಚಾಚಿದೆ. ಅವನು ಮುಟ್ಟಲಿಲ್ಲ. "ಅಲ್ಲಿ ಇಡಿ" ಎಂದ. ಕುರ್ಚಿಯ ಮೇಲಿಟ್ಟೆ. ಅವನು ಅದರ ಬಣ್ಣವನ್ನು ನೋಡುತ್ತಲೇ ಇದ್ದ. ಕೆಳಗಿನ ಬಕಾಲಾ ಅಂಗಡಿಯ ಮುಂದೆ ಯಾರೋ ಹಾರ್ನ್ ಹೊಡೆಯುತ್ತಿದ್ದರು. ಕೊನೆಗೆ, ನನ್ನತ್ತ ನೋಡದೆ ಹೇಳಿದ:

"ನಂದು ಆಮೇಲೆ. ಆ ಊರಲ್ಲಿ ಅವ್ರ ಹೆಸ್ರು ಹಾಳಾಗಿ ಉಂಟಲ್ಲ. ನಾನು ಕ್ಷಮಿಸ್ಲಿಲ್ಲ ಅಂತ ಬೇರೆ ಹೇಳ್ತಾರಂತೆ. ಆ ಇಂಜಿನಿಯರಿಗೆ ಫೋನ್ ಮಾಡಿ. ಈಗ. ನನ್ನೆದುರು."

ಮಾಡಿದೆ. ಫೆಲಿಕ್ಸ್ ಕೈ ಚಾಚಿ ಸ್ಪೀಕರ್ ಒತ್ತಿದ. ಓಕಾಗೆ ಎಲ್ಲ ಹೇಳಿದೆ. ನಾನು ಮುಗಿಸಿದ ಮೇಲೆ ಅವನು ಬಹಳ ಮರ್ಯಾದೆಯಿಂದ ಕೇಳಿದ:

"ಸರ್, ಹಾಗಾದರೆ ಮರೆತದ್ದು ನೀವೇ?"

ಎಷ್ಟು ಒಳ್ಳೆಯ ಪದ, ಮರೆತದ್ದು. ಹದಿನೇಳು ವರ್ಷ ನಾನೂ ನನಗೆ ಅದನ್ನೇ ಹೇಳಿಕೊಂಡಿದ್ದೆ. ಆತುರದಲ್ಲಿ ಮರೆತೆ, ಗಾಳಿಯಲ್ಲಿ ಮರೆತೆ. ನನಗೆ ಹೆಣ್ಣುಮಕ್ಕಳಿದ್ದರು, ಇಕಾಮಾ, ಎಂದರೆ ಅಲ್ಲಿ ಉಳಿಯುವ ಪರವಾನಗಿ, ಕೈತಪ್ಪುವ ಭಯ ಇತ್ತು ಎಂದೂ ಹೇಳಿಕೊಂಡಿದ್ದೆ. ಆದರೆ ಮೇಲೆ ನಾನು ಹೇಳದೆ ಬಿಟ್ಟ ಮಾತು ಒಂದಿದೆ. ಮಧ್ಯದ ಗೆರೆಯಲ್ಲಿ ನಿಂತು ಬೆರಳು ಚಾಚಿದಾಗ ನನ್ನ ಕಣ್ಣು ತೆರೆದಿತ್ತು. ಗೋಲಿನ ಬಲೆಯ ಮೂಲಕ ಶಾಮಿಯಾನ ಕಾಣುತ್ತಿತ್ತು, ಅದರ ಹಗ್ಗದ ಮೇಲೆ ಆ ಚೀಲಗಳು ಕಾಣುತ್ತಿದ್ದವು. ಈಗ ಹೋಗಿ ಎಳೆದು ತಂದರೆ ಎದುರು ತಂಡದ ಮುಂದೆ, ಮೊರಿತಾ ಮುಂದೆ, ಗಿರಿಜಾ ಮುಂದೆ ಹೂಗಾರನ ಕ್ರಮ ತಪ್ಪಿತು ಎಂದಾಗುತ್ತದೆ. ಮೊದಲರ್ಧ ಮುಗಿಯಲಿ, ಯಾರಿಗೂ ಕಾಣದ ಹಾಗೆ ಇಟ್ಟರಾಯಿತು — ಇಷ್ಟೂ ಯೋಚನೆ ಮಾಡಿ ಕೂಗಿದೆ. ಮೊರಿತಾ ಕಂಬ ಹಿಡಿದು ನನ್ನತ್ತ ನೋಡಿದಾಗಲೂ ತ‌ಲೆಯಾಡಿಸಿದೆ.

"ಮರೆಯಲಿಲ್ಲ" ಎಂದೆ. "ಚೀಲ ಇಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೂಗಿದೆ."

ಫೆಲಿಕ್ಸ್ ಕಾಲನ್ನು ಸ್ಟೂಲಿನಿಂದ ಕೆಳಗಿಳಿಸಿದ. ಗೋಡೆಯ ಕಡೆ ಮುಖ ತಿರುಗಿಸಿದ. ಇದನ್ನು ಅವನಿಗೂ ನಾನು ಹೇಳಿರಲಿಲ್ಲ.

ಭಾನುವಾರ ಊರಿನಲ್ಲಿ ಕ್ಲಬ್ಬಿನ ಪಂದ್ಯವಿದೆ, ಅದಕ್ಕೆ ಮುಂಚೆ ನಾಯಕನಿಗೆ ಫೋನ್ ಮಾಡಿ ಹೇಳುತ್ತೇನೆ, ಇನ್ನು ಮುಂದೆ ಕಥೆ ಹೀಗೆಯೇ ಹೇಳಬೇಕಾಗುತ್ತದೆ ಎಂದ ಓಕಾ. ನಿಮ್ಮ ಹೆಸರು ಹೇಳಬಹುದೇ ಎಂದು ಕೇಳಿದ. ಹೇಳಬೇಕು ಎಂದೆ. ಅವನಿಗೆ ತಪ್ಪಾಗದಿರಲೆಂದು ನನ್ನ ಹೆಸರಿನ ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದೆ. ಅವನು ಬರೆದುಕೊಂಡು, ಅವರ ಪದ್ಧತಿಯಂತೆ, ತಿರುಗಿ ಓದಿ ಒಪ್ಪಿಸಿದ. ಪೂರ್ತಿ ಓದಿ, ನನ್ನ ಉತ್ತರಕ್ಕಾಗಿ ಕಾದ. ಅಂಥ ಹೊತ್ತಿನಲ್ಲಿ ಈ ಕಡೆಯವನು ಹೇಳಬೇಕಾದ ಪದ ಒಂದೇ. ಮೈದಾನದ ಆ ಹಳೆಯ ಕೂಗು ನಾಲಗೆಯ ತುದಿಗೆ ಬಂತು, ಬೆರಳೂ ತಾನಾಗಿ ನೆಟ್ಟಗಾಯಿತು.

ನಾನು ಆ ಪದ ಹೇಳಲಿಲ್ಲ. "ಇನ್ನೊಮ್ಮೆ ಓದಿ" ಎಂದೆ. ಅವನು ಓದಿದ. ಒಂದೊಂದು ಅಕ್ಷರವನ್ನೂ ಕೇಳಿಸಿಕೊಂಡೆ. ತಪ್ಪಿರಲಿಲ್ಲ. ಫೋನ್ ಕೆಳಗಿಟ್ಟೆ.